ಅಪ್‌ಡೇಟ್: ಊರುಗಳ ನಂಟಿನ ಲೆಕ್ಕ ಕೊನೆಗೂ ದಾರಿಗೆ ಬಂತು

ನಾನು ಕೇಳಿದ್ದು ಇಷ್ಟು: ಎರಡು ನಗರಗಳ ಹೆಸರು ಒಂದೇ ಬರಹದಲ್ಲಿ ಬಂದರೆ ಅವುಗಳಿಗೆ ನಂಟಿದೆ ಎಂದು ಹೇಳಬಹುದೇ? ಎರಡು ಹೆಸರು ಎಷ್ಟು ಸಲ ಒಟ್ಟಿಗೆ ಬಂದವು ಎಂದು ಎಣಿಸಿದರೆ ಎಲ್ಲದರಲ್ಲೂ ಲಂಡನ್, ಪ್ಯಾರಿಸ್ಸೇ ಮೇಲೆ ಬರುತ್ತಿದ್ದವು.

ಬರೀ ಎಣಿಕೆ ಸಾಲದು ಎಂದು ನೀವು ಹೇಳಿದ್ದು ಸರಿ. ದೊಡ್ಡ ಊರು ಎಲ್ಲರ ಜೊತೆಗೂ ಜಾಸ್ತಿ ಕಾಣಿಸುತ್ತದೆ, ಹತ್ತಿರದ ಊರುಗಳೂ ಅಷ್ಟೇ. ಅದಕ್ಕೇ ಗ್ರಾವಿಟಿ ಮಾಡೆಲ್ ಹಾಕಿದೆ. ಜನಸಂಖ್ಯೆ, ದೂರ ಎರಡನ್ನೂ ನೋಡಿ ಒಂದು ಜೋಡಿ ಎಷ್ಟು ಸಲ ಬರಬೇಕು ಎಂದು ಅಂದಾಜು ಮಾಡಿದೆ. ಅದಕ್ಕಿಂತ ತುಂಬಾ ಜಾಸ್ತಿ ಬಂದ ಜೋಡಿಗಳಲ್ಲೇ ಮಜಾ ಇರುವುದು.

ನಿಜವಾಗಿ ಸತಾಯಿಸಿದ್ದು ಹೆಸರುಗಳು. ಪ್ಯಾರಿಸ್ ಫ್ರಾನ್ಸಿನಲ್ಲೂ ಇದೆ, ಟೆಕ್ಸಸ್‌ನಲ್ಲೂ ಇದೆ. ವಾಷಿಂಗ್ಟನ್ ಅಂದರೆ ಊರೋ, ರಾಜ್ಯವೋ, ಮನುಷ್ಯನೋ? ಇಂಗ್ಲೆಂಡಿನ ರೆಡಿಂಗ್ ಊರಿನ ಸ್ಪೆಲಿಂಗ್ ನೋಡಿ, ‘ಓದುವುದು’ ಎಂಬ ಇಂಗ್ಲಿಷ್ ಪದವೇ ಅದು! ಹೆಸರು ಗುರುತಿಸುವ ಟೂಲ್ ಅರ್ಧ ಕೆಲಸ ಮಾಡಿತು. ಉಳಿದದ್ದಕ್ಕೆ ಸುತ್ತಲಿನ ಪದಗಳನ್ನು ನೋಡಬೇಕಾಯಿತು.

ಎಣಿಸುವಾಗ ಇಡೀ ಪುಟ ಬಿಟ್ಟು ಒಂದೊಂದೇ ವಾಕ್ಯ ತೆಗೆದುಕೊಂಡೆ, ಎರಡೂ ಹೆಸರು ಒಂದೇ ವಾಕ್ಯದಲ್ಲಿ ಬಂದರೆ ಮಾತ್ರ ಲೆಕ್ಕ. ಸುಮ್ನೆ ಊರುಗಳ ಪಟ್ಟಿ ಇದ್ದ ಹವಾಮಾನದ ಪುಟಗಳ ಕಾಟ ತಪ್ಪಿತು.

ಒಂದು ತೊಡಕು ಉಳಿದಿದೆ. ಜೋಡಿ ಜೊತೆಗೆ ಬಂದದ್ದು ವ್ಯಾಪಾರಕ್ಕೋ, ಫುಟ್‌ಬಾಲ್ ಪಂದ್ಯಕ್ಕೋ ಎಣಿಕೆಯಿಂದ ತಿಳಿಯುವುದಿಲ್ಲ, ಅಲ್ವಾ? ಈಗ ವಾಕ್ಯಗಳನ್ನು ವಿಷಯವಾರು ವಿಂಗಡಿಸುತ್ತಿದ್ದೇನೆ.