ತಾಳಮದ್ದಳೆ ಆನ್‌ಲೈನ್: ಶ್ರುತಿ ಮಾಯ, ಮಾತು ಡಬಲ್. ಯಾರಾದರೂ ದಾರಿ ಹೇಳಿ

ಅಡಿಕೆತೋಟ:
ತಲೆ ಕೆಟ್ಟುಹೋಗಿದೆ. ಶನಿವಾರ ಸಂಜೆ 6ಕ್ಕೆ ನಮ್ಮ ಚಾವಡಿಯಲ್ಲಿ ತಾಳಮದ್ದಳೆ, ಅದೇ ವೇಷ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ಎದುರಿಗೆ 60 ಜನ, ಝೂಮ್‌ನಲ್ಲಿ 30. ವಾಲಿಯ ಅರ್ಥ (ಪಾತ್ರದ ಮಾತು) ಹೇಳುವ ಭಾವ ಮಸ್ಕತ್‌ನಿಂದಲೇ ಸೇರುತ್ತಾರೆ. ನಿನ್ನೆ ಟ್ರಯಲ್ ಮಾಡಿದೆವು. ಭಾಗವತರ ಪದ್ಯ ಕೇಳುತ್ತೆ, ಶ್ರುತಿ ಮಾತ್ರ ಎರಡು ಸೆಕೆಂಡ್ ಬಂದು ಆರಿಹೋಗುತ್ತೆ. ಮದ್ದಳೆ ಡಬ್ಬ ಬಡಿದ ಹಾಗಂತೆ. ಭಾವ ಬಾಯಿ ಬಿಟ್ಟರೆ ಅವರ ಮಾತು ಅವರಿಗೇ ವಾಪಸ್. ಸೆಟಪ್ ಎಲ್ಲಾ ಸರಿ ಇದೆ.

ಫೈಬರ್‌ಪ್ರಿಯ:
ನೆಟ್ ಎಷ್ಟು? ಅಪ್‌ಲೋಡ್ ಹೇಳಿ, ಡೌನ್‌ಲೋಡ್ ಅಲ್ಲ.

ಅಡಿಕೆತೋಟ:
22 ಎಂಬಿಪಿಎಸ್.

ಫೈಬರ್‌ಪ್ರಿಯ:
ಸಂಜೆ ಬಿದ್ದುಹೋಗುತ್ತೆ, ನೋಡ್ತಾ ಇರಿ. ವೈಫೈ ಬಿಟ್ಟು ಕೇಬಲ್ ಹಾಕಿ.

ಮಿಕ್ಸರ್‌ಮನುಷ್ಯ:
ನೆಟ್ ಅಲ್ಲ ಮಾರಾಯ್ರೇ. ನೆಟ್ ಆಗಿದ್ದರೆ ಪದ್ಯವೂ ತುಂಡಾಗಬೇಕಿತ್ತು. ಒಂದೇ ಸಮ ಬರುವ ಸದ್ದು ಝೂಮ್ ಲೆಕ್ಕದಲ್ಲಿ ಫ್ಯಾನ್ ಇದ್ದ ಹಾಗೆ, ಒರೆಸಿ ಹಾಕುತ್ತೆ. ಶ್ರುತಿಗೂ ಅದೇ ಗತಿ. ಆಡಿಯೋ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್’ ಆರಿಸಿ. ಮೀಟಿಂಗ್ ಶುರುವಾದ ಮೇಲೂ ಅದು ಆನ್ ಇದೆಯಾ ನೋಡಿ. ಮಿಕ್ಸರ್ ಯಾವುದು?

ಹಳೇಚೆಂಡೆ:
ಮಸ್ಕತ್‌ನಲ್ಲಿ ಕೂತು ವಾಲಿಯಂತೆ! ಸುಗ್ರೀವ ನಡುವೆ ಬಾಯಿ ಹಾಕಿದರೆ ಏನು, ಕೈ ಎತ್ತಿ ಕಾಯಬೇಕಾ?

ದೂರದದನಿ:
ನಾನು ನ್ಯೂಜೆರ್ಸಿಯವನು. ನಿಮ್ಮ ಸಂಜೆ 6 ಅಂದರೆ ಡಿಸೆಂಬರ್‌ನಲ್ಲಿ ನಮಗೆ ಬೆಳಗ್ಗೆ 7.30. ಒಂದು ಕೈಯಲ್ಲಿ ದೋಸೆ ಹುಯ್ಯುತ್ತಾ ಕೇಳುತ್ತೇವೆ. ನಮಗಿರೋದು ಅದೇ, ಕಿತ್ತುಕೊಳ್ಳಬೇಡಿ.

ಹಳೇಚೆಂಡೆ:
ಕೇಳೋದು ಬೇರೆ, ಅರ್ಥ ಹೇಳೋದು ಬೇರೆ. ನೀವು ದೋಸೆ ಹುಯ್ಯಿರಿ, ಯಾರು ಬೇಡ ಅಂದರು?

ಅಡಿಕೆತೋಟ:
ಒರಿಜಿನಲ್ ಸೌಂಡ್ ಹಾಕಿದೆ. ಶ್ರುತಿ ಬಂತು! ಆದರೆ ಪ್ರತಿಧ್ವನಿ ಮೊದಲಿಗಿಂತ ಜಾಸ್ತಿ. ಭಾವ ಹೆಡ್‌ಫೋನ್ ಕಿತ್ತಿಟ್ಟು ಚಹಾ ಕುಡಿಯೋಕೆ ಎದ್ದುಹೋದರು.

ಮಿಕ್ಸರ್‌ಮನುಷ್ಯ:
ಆಗಲೇಬೇಕು. ಅಲ್ಲೇ ಕೆಳಗೆ ಎಕೋ ಕ್ಯಾನ್ಸಲೇಶನ್ ಅಂತ ಬೇರೆ ಟಿಕ್ ಇದೆ, ಅದು ಆಫ್ ಆಗಿರಬಹುದು. ಆನ್ ಮಾಡಬಹುದು, ಆದರೆ ಅದನ್ನೇ ನೆಚ್ಚಿಕೊಂಡರೆ ಪದ್ಯ ಸವೆಯುತ್ತೆ. ಭಾವನ ದನಿ ಲ್ಯಾಪ್‌ಟಾಪ್‌ನಿಂದ ಮಿಕ್ಸರ್‌ಗೆ ಬರುತ್ತೆ, ಮೇನ್ ಔಟ್‌ಪುಟ್‌ನಿಂದ ಸ್ಪೀಕರ್‌ಗೆ ಹೋಗುತ್ತೆ. ಅದೇ ಮೇನ್ ಲ್ಯಾಪ್‌ಟಾಪ್‌ಗೂ ಹೋದರೆ ಭಾವನಿಗೆ ಭಾವನೇ ಕೇಳೋದು. ಲ್ಯಾಪ್‌ಟಾಪ್‌ಗೆ ಆಕ್ಸ್‌ನಿಂದ, ಅಂದರೆ ಮಿಕ್ಸರ್‌ನ ಬೇರೆ ಔಟ್‌ಪುಟ್‌ನಿಂದ ಕೊಡಿ. ಭಾವ ಬರುವ ಚಾನೆಲ್‌ನ ಆಕ್ಸ್ ನಾಬ್ ಸೊನ್ನೆಗೆ ಇಳಿಸಿ, ಉಳಿದ ಮೈಕ್‌ಗಳದ್ದು ಮಾತ್ರ ಏರಿಸಿ. ಮಿಕ್ಸರ್ ಯಾವುದು ಅಂತ ಎರಡನೇ ಸಲ ಕೇಳ್ತಿದ್ದೇನೆ.

ಫೈಬರ್‌ಪ್ರಿಯ:
ಕೇಬಲ್ ಹಾಕಿದ್ರಾ?

ಅಡಿಕೆತೋಟ:
ಮಿಕ್ಸರ್ ಸೌಂಡ್‌ನವರದ್ದು, ಹೆಸರು ಉಜ್ಜಿಹೋಗಿದೆ. ಆಕ್ಸ್ ಬದಲಿಸಿದೆವು. ಕಮ್ಮಿಯಾಯಿತು, ಪೂರ್ತಿ ಹೋಗಿಲ್ಲ.

ದೂರದದನಿ:
ಮನೆಯಲ್ಲಿ ಇನ್ಯಾವುದಾದರೂ ಫೋನ್ ಅದೇ ಮೀಟಿಂಗ್‌ನಲ್ಲಿ ಇದೆಯಾ? ಸೇರಿದವರ ಪಟ್ಟಿ ನೋಡಿ.

ಅಡಿಕೆತೋಟ:
ಅಡುಗೆಮನೆಯಲ್ಲಿ ಒಂದು ಟ್ಯಾಬ್ ಇಟ್ಟಿದ್ದೇವೆ. ಊಟಕ್ಕೆ ಎಲೆ ಹಾಕುವ ಹೊತ್ತು ಅಡುಗೆಯವರಿಗೆ ಗೊತ್ತಾಗಲಿ ಅಂತ. ಅದೂ ಲೆಕ್ಕಕ್ಕೆ ಬರುತ್ತಾ?

ಮಿಕ್ಸರ್‌ಮನುಷ್ಯ:
😐 ಸೆಟಪ್ ಎಲ್ಲಾ ಸರಿ ಇದೆ ಅಂದಿದ್ರಲ್ಲ? ಆ ಟ್ಯಾಬ್‌ನಲ್ಲಿ ಆಡಿಯೋ ಡಿಸ್‌ಕನೆಕ್ಟ್ ಮಾಡಿ. ಬರೀ ಮ್ಯೂಟ್ ಸಾಲದು, ಅದರ ಸ್ಪೀಕರ್ ಸದ್ದು ಚಾವಡಿ ಮೈಕ್‌ಗೆ ಬೀಳುತ್ತೆ. ನಮ್ಮಲ್ಲಿ 16 ಚಾನೆಲ್ ಡಿಜಿಟಲ್. ಮದ್ದಳೆಗೇ ಎರಡು ಮೈಕ್, ಬಲಕ್ಕೊಂದು ಎಡಕ್ಕೊಂದು. ಫೋಟೋ ಹಾಕಲಾ?

ಹಳೇಚೆಂಡೆ:
ನಮ್ಮ ಅಜ್ಜನ ಮನೆಯಲ್ಲಿ ಮೈಕೇ ಇರಲಿಲ್ಲ. ಅಂಗಳದ ಕೊನೆಗೂ ಕೇಳುತ್ತಿತ್ತು.

ಮಿಕ್ಸರ್‌ಮನುಷ್ಯ:
ಮಸ್ಕತ್‌ಗೂ ಕೇಳುತ್ತಿತ್ತಾ?

ಅಡಿಕೆತೋಟ:
ಟ್ಯಾಬ್‌ದೇ ಕಿತಾಪತಿ! ಈಗ ಮಾತು ಸ್ವಚ್ಛ. ಹಳೇಚೆಂಡೆಯವರು ಹೇಳಿದ್ದೂ ಒಂದು ನಿಜ. ಸುಗ್ರೀವ, ವಾಲಿ ಒಟ್ಟಿಗೆ ಮಾತಾಡಿದರೆ ಒಬ್ಬರು ಮುಳುಗುತ್ತಾರೆ. ಸರದಿ ಪ್ರಕಾರ ಬೈದುಕೊಳ್ಳಿ ಅಂತ ಇಬ್ಬರಿಗೂ ಹೇಳಿದ್ದೇನೆ. ಇನ್ನೊಂದು ಸಣ್ಣ ವಿಷಯ. 40 ನಿಮಿಷಕ್ಕೆ ಮೀಟಿಂಗ್ ತಾನಾಗೇ ಕಟ್ ಆಗುತ್ತೆ. ಅಕೌಂಟ್ ಫ್ರೀದು. ಅದಕ್ಕೇನಾದರೂ ಸಂಬಂಧ ಇದೆಯಾ?

ಫೈಬರ್‌ಪ್ರಿಯ:
ಅದು ನೆಟ್.