'ಬ್ರೋಕನ್ ಪ್ಯಾಕೇಜ್': ಮುರಿದದ್ದೋ, ಕೆಟ್ಟದ್ದೋ, ಕೊಂಡಿ ತಪ್ಪಿದ್ದೋ?

ಪ್ರಶ್ನೆ

ನಮಸ್ಕಾರ. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ 22.04 ಆವೃತ್ತಿಯಿಂದ 24.04ಕ್ಕೆ ಏರಿದ ಮೇಲೆ ಕೈಕೊಡುವ ತಂತ್ರಾಂಶಗಳನ್ನು ಸರಿಪಡಿಸುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿರುವಾಗ ಮೂರು ಪದಗಳು ತೊಡಕಾಗಿವೆ. ಮೊದಲನೆಯದು 'ಬ್ರೋಕನ್'. ನಮ್ಮಲ್ಲಿ ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ, ಯಂತ್ರ ಕೆಡುತ್ತದೆ. ಪ್ಯಾಕೇಜಿಗೆ, ಅಂದರೆ ಸ್ಥಾಪಿಸಲು ಕಟ್ಟಿಟ್ಟ ತಂತ್ರಾಂಶದ ಗಂಟಿಗೆ, ಏನಾಗುತ್ತದೆ? 'ಮುರಿದ ಪ್ಯಾಕೇಜ್' ಎಂದರೆ ಓದುವವರು ಫೈಲೇ ಹಾಳಾಗಿದೆ ಎಂದುಕೊಂಡು ಮತ್ತೆ ಡೌನ್‌ಲೋಡ್ ಮಾಡಲು ಹೋಗುತ್ತಾರೆ. ಎರಡನೆಯದು 'ಡಿಪೆಂಡೆನ್ಸಿ': 'ಅವಲಂಬಿತ ಪ್ಯಾಕೇಜ್' ಸರಿಯೇ? ಮೂರನೆಯದು 'ಹೆಲ್ಡ್' ಮತ್ತು 'ಕೆಪ್ಟ್ ಬ್ಯಾಕ್': ಎರಡಕ್ಕೂ 'ತಡೆಹಿಡಿದ' ಎನ್ನಬಹುದೇ?

ಉತ್ತರ

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಅರ್ಥ ತಲೆಕೆಳಗಾಗುತ್ತದೆ. ಕನ್ನಡದಲ್ಲಿ 'ಅವಲಂಬಿತರು' ಎಂದರೆ ಬೇರೊಬ್ಬರನ್ನು ನೆಚ್ಚಿಕೊಂಡವರು. ಸರ್ಕಾರಿ ಅರ್ಜಿಗಳಲ್ಲೂ ಹಾಗೆಯೇ ಇದೆ. ಆದರೆ ಉಬುಂಟುವಿನಲ್ಲಿ ಪ್ಯಾಕೇಜುಗಳನ್ನು ತಂದು ಹಾಕುವ 'ಆಪ್ಟ್' ಹೇಳುವ 'ಡಿಪೆಂಡೆನ್ಸಿ' ನೆಚ್ಚಿಕೊಂಡದ್ದಲ್ಲ, ನೆಚ್ಚಿಕೆಗೆ ಒದಗಬೇಕಾದದ್ದು. 'ಅವಲಂಬಿತ ಪ್ಯಾಕೇಜ್ ಸಿಗುತ್ತಿಲ್ಲ' ಎಂದು ಬರೆದರೆ ಓದುಗ ತಪ್ಪು ಪ್ಯಾಕೇಜನ್ನು ಹುಡುಕುತ್ತಾನೆ. 'ಆಧಾರ' ಎನ್ನಬಹುದಿತ್ತು, ಆದರೆ ಆ ಪದ ಕೇಳಿದೊಡನೆ ಈಗ ಕಾರ್ಡೇ ನೆನಪಾಗುತ್ತದೆ. ನನ್ನ ಮತ 'ಆಸರೆ ಪ್ಯಾಕೇಜ್'ಗೆ. 'ಆಟೊರಿಮೂವ್' ಆಜ್ಞೆಯನ್ನೂ 'ಇನ್ನು ಯಾರಿಗೂ ಬೇಡವಾದ ಆಸರೆಗಳನ್ನು ತೆಗೆ' ಎಂದು ಸುಲಭವಾಗಿ ವಿವರಿಸಬಹುದು.

ಇನ್ನು 'ಬ್ರೋಕನ್'. ಇದಕ್ಕೆ ಒಂದೇ ಕನ್ನಡ ಪದ ಹುಡುಕುವುದೇ ತಪ್ಪು ಎನ್ನಿಸುತ್ತದೆ. ಇಂಗ್ಲಿಷ್ ಒಂದೇ ಪದದಲ್ಲಿ ತುರುಕಿರುವ ಸ್ಥಿತಿಗಳು ಬೇರೆಬೇರೆ, ಅವುಗಳ ಮದ್ದೂ ಬೇರೆಬೇರೆ.

ಏರಿಕೆಯ ನಡುವೆ ಕರೆಂಟ್ ಹೋದರೆ ಪ್ಯಾಕೇಜ್ ಬಿಚ್ಚಿಟ್ಟಿರುತ್ತದೆ, ಹೊಂದಿಸಿರುವುದಿಲ್ಲ. ಬಿಚ್ಚಿ ಹೊಂದಿಸುವ ಕೆಲಸ ಆಪ್ಟ್ ಬಳಸುವ ಡಿಪಿಕೆಜಿಯದು; 'ಡಿಪಿಕೆಜಿ -ಎಲ್' ಪಟ್ಟಿಯಲ್ಲಿ 'ಐಐ' (ಪೂರ್ತಿ ಹೊಂದಿಸಿದ್ದು) ಇರಬೇಕಾದ ಕಡೆ 'ಐಯು' ಅಥವಾ 'ಐಎಫ್' ಕಾಣುತ್ತದೆ. ಇದು 'ಅರ್ಧಕ್ಕೆ ನಿಂತ' ಪ್ಯಾಕೇಜ್. 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಎಂದರೆ ಉಳಿದ ಕೆಲಸ ಮುಂದುವರಿಯುತ್ತದೆ. ಬೇಕಾದ ಆಸರೆಯೇ ಇಲ್ಲ, ಅಥವಾ ಇದ್ದರೂ ಬೇರೆ ಆವೃತ್ತಿಯದು ಎಂದಾದರೆ ಅದು 'ಕೊಂಡಿ ತಪ್ಪಿದ' ಪ್ಯಾಕೇಜ್. ಅಲ್ಲಿ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಬೇಕು. ಒಪ್ಪಿಗೆ ಒತ್ತುವ ಮುನ್ನ ಅದು ತೆಗೆದುಹಾಕಲಿರುವ ಪಟ್ಟಿಯನ್ನು ಓದಲೇಬೇಕು. ಕೊಂಡಿ ಸರಿಪಡಿಸಲು ಅದು ಕೆಲವೊಮ್ಮೆ ಪ್ಯಾಕೇಜನ್ನೇ ಕಿತ್ತುಹಾಕುತ್ತದೆ.

ಪ್ಯಾಕೇಜ್ ಪಟ್ಟಿಯ ಹೊರಗೆ ನೀವೇ ತಂದಿಟ್ಟ ಪ್ರೋಗ್ರಾಂ 'ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಸಿಗಲಿಲ್ಲ' ಎಂದು ನಿಂತರೆ ಅದು ಮೂರನೆಯ ಬಗೆ. ಅದು ಪ್ರೋಗ್ರಾಂಗಳು ಹಂಚಿಕೊಳ್ಳುವ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ 1.1 ಆವೃತ್ತಿಯ ಫೈಲು; ಉಬುಂಟು 22.04ರಿಂದ ಇರುವುದು ಓಪನ್‌ಎಸ್‌ಎಸ್‌ಎಲ್ 3. ಇದಕ್ಕೆ 'ಆಸರೆ ತಪ್ಪಿದ ಪ್ರೋಗ್ರಾಂ' ಎನ್ನೋಣ. 'ಎಲ್‌ಡಿಡಿ' ಆಜ್ಞೆ ಯಾವ ಲೈಬ್ರರಿ ಇಲ್ಲವೆಂದು ತೋರಿಸುತ್ತದೆ. ಹೊಸ ಫೈಲಿಗೆ ಹಳೆಯ ಹೆಸರಿನ ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈತೋರುವ ಹೆಸರು) ಕೊಡಿ ಎಂಬ ಸಲಹೆಯನ್ನು ದಯವಿಟ್ಟು ಕನ್ನಡಕ್ಕೆ ತರಬೇಡಿ. ಹೆಸರು ಹೊಂದಿದರೂ ಒಳಗಿನ ಸಿಂಬಲ್‌ಗಳ (ಪ್ರೋಗ್ರಾಂ ಕರೆಯುವ ಕಾರ್ಯಗಳ ಹೆಸರುಗಳ) ಆವೃತ್ತಿ ಹೊಂದುವುದಿಲ್ಲ. ಹೊಸ ಲೈಬ್ರರಿಗೆಂದು ಕಂಪೈಲ್ ಮಾಡಿದ ಪ್ರೋಗ್ರಾಂ ತರುವುದೇ ದಾರಿ.

ಪೈಥಾನ್ ವೆನ್ವ್ (ಒಂದು ಕೆಲಸಕ್ಕೆ ಬೇಕಾದ ಮಾಡ್ಯೂಲುಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಕಥೆ ಇದೇ ಜಾತಿಯದು. 22.04ರಲ್ಲಿ ಪೈಥಾನ್ 3.10, 24.04ರಲ್ಲಿ 3.12. ವೆನ್ವ್ ಒಳಗಿನ ಮಾಡ್ಯೂಲುಗಳೆಲ್ಲ '3.10' ಫೋಲ್ಡರಿನಲ್ಲಿ ಹಾಗೆಯೇ ಇರುತ್ತವೆ. ಹೊಸ ಪೈಥಾನ್ '3.12'ರಲ್ಲಿ ಹುಡುಕಿ 'ಮಾಡ್ಯೂಲ್ ಇಲ್ಲ' ಎನ್ನುತ್ತದೆ. ಯಾವುದೂ ಮುರಿದಿಲ್ಲ, ವಿಳಾಸ ಬದಲಾಗಿದೆ. ಏರುವ ಮೊದಲೇ 'ಪಿಪ್ ಫ್ರೀಜ್' ಕೊಡುವ ಮಾಡ್ಯೂಲುಗಳ ಪಟ್ಟಿ ಉಳಿಸಿಟ್ಟುಕೊಂಡಿದ್ದರೆ ಹೊಸ ವೆನ್ವ್ ಕಟ್ಟಿ ಅದರಿಂದ ತುಂಬಿಸಬಹುದು. ಪಟ್ಟಿ ಇಲ್ಲದಿದ್ದರೆ ಹಳೆಯ ವೆನ್ವ್‌ನ ಸೈಟ್-ಪ್ಯಾಕೇಜಸ್ ಫೋಲ್ಡರಿನ ಒಳಗೆ 'ಡಿಸ್ಟ್-ಇನ್ಫೊ' ಎಂದು ಮುಗಿಯುವ ಫೋಲ್ಡರುಗಳ ಹೆಸರಿನಲ್ಲೇ ಆವೃತ್ತಿಗಳಿವೆ. ಆಮೇಲೂ 'ಡಿಸ್ಟ್‌ಯುಟಿಲ್ಸ್ ಇಲ್ಲ' ಎಂದರೆ, ಮೊದಲು ಪೈಥಾನ್ ಜೊತೆಗೇ ಬರುತ್ತಿದ್ದ ಆ ಮಾಡ್ಯೂಲನ್ನು 3.12ರಲ್ಲಿ ತೆಗೆದಿದ್ದಾರೆ. ವೆನ್ವ್ ಒಳಗೆ ಅದರ ಬದಲಿಯನ್ನು ಒಳಗೊಂಡ ಸೆಟಪ್‌ಟೂಲ್ಸ್ ಹಾಕಿದರೆ ಸಾಮಾನ್ಯವಾಗಿ ಕೆಲಸ ಸಾಗುತ್ತದೆ.

ಮೂರನೆಯ ಪದಕ್ಕೆ: ಬೇಡ, ಎರಡನ್ನೂ ಒಂದಾಗಿಸಬೇಡಿ. 'ಆಪ್ಟ್-ಮಾರ್ಕ್ ಹೋಲ್ಡ್' ಹಾಕುವುದು ಬಳಕೆದಾರ, ಅದು 'ತಡೆಹಿಡಿದದ್ದು'. 'ಕೆಪ್ಟ್ ಬ್ಯಾಕ್' ಎನ್ನುವುದು ಬಹುಮಟ್ಟಿಗೆ ಆಪ್ಟ್ ತಾನಾಗಿ 'ಬಿಟ್ಟು ಮುಂದೆ ಹೋದದ್ದು': ಬೇರೊಂದನ್ನು ತೆಗೆಯದೆ ಏರಿಸಲಾಗದ ಪ್ಯಾಕೇಜನ್ನು 'ಆಪ್ಟ್ ಅಪ್‌ಗ್ರೇಡ್' ಮುಟ್ಟುವುದಿಲ್ಲ, 'ಫುಲ್-ಅಪ್‌ಗ್ರೇಡ್' ಮುಟ್ಟುತ್ತದೆ. ಉಬುಂಟುವಿನಲ್ಲಿ ಹಂತಹಂತವಾಗಿ ಬಿಡುವ ಪರಿಷ್ಕರಣೆಗಳೂ ಹೀಗೆ ಉಳಿಯುತ್ತವೆ. ಅದಕ್ಕೆ ಕಾಯುವುದೇ ಮದ್ದು.

ಒಂದು ಸೇರಿಕೆ

'ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್' ಎಂಬ ಸಂದೇಶವನ್ನು ಪದಕ್ಕೆ ಪದ ಇಟ್ಟು ಅನುವಾದಿಸಲೇಬಾರದು. ಅದನ್ನು ನಂಬಿ 'ಆಪ್ಟ್-ಮಾರ್ಕ್ ಶೋಹೋಲ್ಡ್' ಕೊಟ್ಟರೆ ಹೆಚ್ಚಿನ ಸಲ ಪಟ್ಟಿ ಖಾಲಿ. ಯಾರೂ ಏನನ್ನೂ ತಡೆಹಿಡಿದಿರುವುದಿಲ್ಲ. ಪಿಪಿಎ ಮುಂತಾದ ಹೊರಗಿನ ಮೂಲದಿಂದ ಬಂದ ಲೈಬ್ರರಿಯ ಆವೃತ್ತಿ ಹೊಸ ಉಬುಂಟುವಿನದಕ್ಕಿಂತ ಮೇಲಿನದಾಗಿದ್ದು, ಇನ್ನೊಂದು ಪ್ಯಾಕೇಜ್ ಕರಾರುವಾಕ್ಕಾಗಿ ಕೆಳಗಿನದನ್ನೇ ಕೇಳಿದರೂ ಇದೇ ಸಂದೇಶ ಬರುತ್ತದೆ. ಆಪ್ಟ್ ತಾನಾಗಿ ಆವೃತ್ತಿ ಇಳಿಸುವುದಿಲ್ಲ. 'ಆಪ್ಟ್ ಪಾಲಿಸಿ' ಮುಂದೆ ಪ್ಯಾಕೇಜಿನ ಹೆಸರು ಕೊಟ್ಟು ಯಾವ ಆವೃತ್ತಿ ಎಲ್ಲಿಂದ ಬಂದಿದೆ ನೋಡಿ, 'ಆಪ್ಟ್ ಇನ್‌ಸ್ಟಾಲ್ ಹೆಸರು=ಆವೃತ್ತಿ' ಎಂದು ನಾವೇ ಇಳಿಸಬೇಕು. ನಾನು ಇದನ್ನು 'ಕೇಳಿದ ಆವೃತ್ತಿಗಳು ಒಂದಕ್ಕೊಂದು ಕೂಡುತ್ತಿಲ್ಲ' ಎಂದು ಬರೆಯುತ್ತೇನೆ.