‘ರೆಫರ್’ ಬಂದ ಕೂಸಿಗೆ ಕನ್ನಡದಲ್ಲಿ ಏನೆನ್ನುವುದು?

ಪ್ರಶ್ನೆ: ಬೆಂಗಳೂರಿನ ಮಕ್ಕಳ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಿಂದ ಮನೆಗೆ ಹೊರಡುವ ತಾಯಂದಿರಿಗಾಗಿ ಕನ್ನಡ ಚೀಟಿ ಸಿದ್ಧವಾಗುತ್ತಿದೆ. ಕಿವಿ ಪರೀಕ್ಷೆಯ ಯಂತ್ರ ‘ಪಾಸ್’ ಇಲ್ಲವೇ ‘ರೆಫರ್’ ಎಂದು ತೋರಿಸುತ್ತದೆ. ಕರಡಿನಲ್ಲಿ ‘ರೆಫರ್’ಗೆ ‘ಅನುತ್ತೀರ್ಣ’ ಎಂದೂ, ಈ ಮಕ್ಕಳಿಗೆ ‘ಕಿವುಡುತನದ ಅಪಾಯದಲ್ಲಿರುವ ಶಿಶು’ ಎಂದೂ ಇದೆ. ಬೇರೆ ಪದ ಸೂಚಿಸುವಿರಾ?

ಉತ್ತರ: ‘ಅನುತ್ತೀರ್ಣ’ವನ್ನು ಮೊದಲು ಹೊಡೆದುಹಾಕಿ. ಹತ್ತು ದಿನದ ಕೂಸು ಯಾವ ಪರೀಕ್ಷೆಗೆ ಕೂತಿತ್ತು? ‘ರೆಫರ್’ ಅನ್ನೇ ಉಳಿಸುವುದೂ ಬೇಡ. ‘ದೊಡ್ಡಾಸ್ಪತ್ರೆಗೆ ರೆಫರ್ ಮಾಡಿದ್ರು’ ಅಂದರೆ ‘ಇಲ್ಲಿ ಕೈಲಾಗಲ್ಲ ಅಂದ್ರು’ ಎಂದೇ ನಮ್ಮ ಜನ ತಿಳಿಯುವುದು. ಯಂತ್ರದ ಮಾತು ಅಷ್ಟು ದೂರ ಹೋಗುವುದಿಲ್ಲ. ಓಎಇ ಪರೀಕ್ಷೆಯಲ್ಲಿ ಕಿವಿಗೆ ಮೆತ್ತನೆಯ ತುದಿಯಿಟ್ಟು ಸಣ್ಣ ಸದ್ದು ಬಿಡುತ್ತಾರೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳಿಂದ ಮರಳುವ ಕ್ಷೀಣ ದನಿಯನ್ನು ಅದೇ ತುದಿ ಹಿಡಿಯುತ್ತದೆ. ಮೊದಲ ಒಂದೆರಡು ದಿನ ಕಿವಿಯಲ್ಲಿ ನೀರು, ಬೆಣ್ಣೆಯಂಥ ಲೇಪ ಉಳಿದಿದ್ದರೆ, ತುದಿ ಸಡಿಲವಾದರೆ, ಕೂಸು ಅತ್ತರೆ, ಪಕ್ಕದ ಮಾನಿಟರ್ ಕೂಗಿದರೂ ‘ರೆಫರ್’ ಬರಬಹುದು. ಹಾಗಾಗಿ ‘ಮತ್ತೆ ನೋಡಬೇಕು’ ಅಂದರೆ ಸಾಕು.

ನನಗೆ ಹೆಚ್ಚು ಭಯವಿರುವುದು ‘ಪಾಸ್’ ಬಗ್ಗೆ. ರಕ್ತ ಬದಲಿಸುವಷ್ಟು ಕಾಮಾಲೆ ಏರಿದಾಗ ಪೆಟ್ಟು ಬೀಳುವುದು ಶ್ರವಣ ನರಕ್ಕೆ, ಮಿದುಳುಕಾಂಡಕ್ಕೆ. ರೋಮಕೋಶ ಚೆನ್ನಾಗಿರುವುದರಿಂದ ಓಎಇ ಪಾಸ್ ಅನ್ನುತ್ತದೆ, ಸದ್ದು ಮಾತ್ರ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಎನ್‌ಐಸಿಯುನಲ್ಲಿ ಐದು ದಿನ ದಾಟಿದ ಮಕ್ಕಳಿಗೆ ಹಣೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಸದ್ದು ಮಿದುಳುಕಾಂಡದವರೆಗೆ ಮುಟ್ಟಿತೇ ಎಂದು ನೋಡುವ ಬೆರಾ ಬಗೆಯ ಪರೀಕ್ಷೆಯೇ ಬೇಕೆನ್ನುವುದು ಇದಕ್ಕೇ. ಹಾಲು ಕುಡಿದು ಮಲಗಿದಾಗ ಮಾಡಿದರೆ ಸಲೀಸು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧಿ ಐದು ದಿನಕ್ಕಿಂತ ಹೆಚ್ಚು ಹೋಗಿದ್ದರೆ ಅದೂ ಚೀಟಿಯಲ್ಲಿರಲಿ. ಇವು ರೋಮಕೋಶಗಳನ್ನೇ ಕೆಡಿಸಬಲ್ಲವು, ಮೊದಲು ಹೋಗುವುದು ಕೀಚು ದನಿ ಕೇಳುವ ಶಕ್ತಿ. ಆದ್ದರಿಂದ ‘ಪಾಸ್’ಗೆ ‘ಕಿವಿ ಸರಿಯಿದೆ’ ಎಂದು ಬರೆಯಬೇಡಿ. ‘ಇವತ್ತಿನ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ’ ಅನ್ನಿ.

ಇನ್ನು ‘ಅಪಾಯ’. ಅದು ಕರೆಂಟಿನ ಕಂಬದ ಮೇಲಿನ ಪದ, ತಲೆಬುರುಡೆ ಕಣ್ಣಿಗೆ ಬರುತ್ತದೆ. ‘ಸಂಭವ’ ಸಾಕು. ‘ಕಿವುಡು’ ಪದದಲ್ಲಿ ಕೀಳೇನಿಲ್ಲ, ‘ಕಿವಿ’ಯ ನಂಟಿನದೇ, ಇಲ್ಲಿ ಅಳತೆ ಹೊಂದುವುದಿಲ್ಲ ಅಷ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕಿವುಡು ಅಂದರೆ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ. ಬೆರಾ ಬಗೆಯ ಈ ತಪಾಸಣೆಯ ಸದ್ದು ಸಾಮಾನ್ಯವಾಗಿ 35 ಡೆಸಿಬೆಲ್. ಇದಕ್ಕೆ ಉತ್ತರ ಬರದಿದ್ದ ಮಾತ್ರಕ್ಕೆ ಕಿವುಡು ಅನ್ನಲಾಗದು. ‘ಕಿವಿ ಮಂದ’ವನ್ನು ಅಜ್ಜಂದಿರಿಗೇ ಬಿಡಿ. ‘ಕೇಳುವ ಶಕ್ತಿ ಕಡಿಮೆ’ ಎಲ್ಲರಿಗೂ ಹತ್ತುತ್ತದೆ.

ಕರಡು ಹೀಗಿರಬಹುದು:

‘ಮಗುವಿಗೆ ಕೇಳುವ ಶಕ್ತಿ ಕಡಿಮೆಯಿರುವ ಸಂಭವ ಇದೆಯೇ ಎಂದು ಮತ್ತೆ ನೋಡಬೇಕು. ಒಂದು ಕಿವಿಗೆ ಮಾತ್ರ ಹೀಗೆ ಬಂದಿದ್ದರೂ ಎರಡನ್ನೂ ನೋಡುತ್ತಾರೆ. ಮೂರು ತಿಂಗಳೊಳಗೆ ಖಚಿತವಾಗಬೇಕು, ತೊಂದರೆ ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಮನೆಯಲ್ಲಿ ತಟ್ಟೆ ಬಡಿದಾಗ ಮಗು ಬೆಚ್ಚಿತೆಂದು ಪರೀಕ್ಷೆ ಬಿಡಬೇಡಿ. ಅಷ್ಟು ಜೋರು ಸದ್ದು ಕೇಳಿದ ಮಗುವಿಗೂ ಮಾತು ಕೇಳದಿರಬಹುದು.’